ಅವ್ವನ ಕೊನೆಯ ದಿನಗಳು ಮನೆಯಲ್ಲೇ ನೆಮ್ಮದಿಯಾಗಿ ಕಳೆಯಲು ಏನು ಮಾಡಬೇಕು?

ಪ್ರಶ್ನೆ: ಡಾಕ್ಟರೇ, ನಾನು ಕಾರಟಗಿ ಹತ್ತಿರದ ಹಳ್ಳಿಯವಳು, ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿ. ನಮ್ಮ ಅವ್ವನಿಗೆ 71 ವರ್ಷ. ನಾಲ್ಕು ವರ್ಷದ ಹಿಂದೆ ಸ್ತನ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ ಎಲ್ಲ ಆಗಿತ್ತು. ಈಗ ಬೆನ್ನುಮೂಳೆಗೆ, ಶ್ವಾಸಕೋಶಕ್ಕೆ ಹಬ್ಬಿದೆ. ಬೆಂಗಳೂರಿನಲ್ಲಿ ತೋರಿಸಿದಾಗ ‘ಇನ್ನು ಮಾಡೋದು ಏನೂ ಇಲ್ಲ, ಮನೆಗೆ ಕರೆದುಕೊಂಡು ಹೋಗಿ’ ಅಂದರು. ರಾತ್ರಿಯೆಲ್ಲ ನರಳುತ್ತಾಳೆ, ಊಟ ಬಿಟ್ಟಿದ್ದಾಳೆ. ಅಣ್ಣ ಬೆಂಗಳೂರಿನಲ್ಲಿದ್ದಾನೆ. ಹೊಲ ಮಾರಿಯಾದರೂ ದೊಡ್ಡ ಆಸ್ಪತ್ರೆಗೆ ಸೇರಿಸೋಣ, ಅವ್ವನಿಗೆ ಮಾತ್ರ ಏನೂ ಹೇಳಬೇಡ ಅಂತಾನೆ. ಮಾರ್ಫಿನ್ ಕೊಟ್ಟರೆ ಬೇಗ ಹೋಗಿಬಿಡುತ್ತಾರೆ ಅಂತ ಊರವರು ಹೇಳುತ್ತಾರೆ, ನಿಜವಾ? ಹೋದ ತಿಂಗಳು ಜಗಲಿ ತನಕ ನಡೆಯುತ್ತಿದ್ದಳು. ಹದಿನೈದು ದಿನದ ಹಿಂದೆ ಕೈ ಹಿಡಿದುಕೊಂಡು ಬಚ್ಚಲಿಗೆ ಹೋಗುತ್ತಿದ್ದಳು. ಈ ವಾರ ಹಾಸಿಗೆ ಬಿಟ್ಟು ಎದ್ದಿಲ್ಲ. ನನಗೆ ರಜೆ ಸ್ವಲ್ಪವೇ ಉಳಿದಿದೆ. ಈಗ ಹಾಕಲಾ, ಕೊನೆಗೆ ಅಂತ ಇಟ್ಟುಕೊಳ್ಳಲಾ?

ಉತ್ತರ: ತಂಗಿ, ಉಳಿದ ಮಾತು ಆಮೇಲೆ. ಇದನ್ನು ಓದಿದ ಕೂಡಲೇ ಎದ್ದು ಅವ್ವನ ಹತ್ತಿರ ಹೋಗಿ ಒಂದು ವಿಷಯ ನೋಡಿ. ‘ಈ ವಾರ ಎದ್ದಿಲ್ಲ’ ಅಂತ ಬರೆದಿದ್ದೀರಿ. ಮೈಯೆಲ್ಲ ಸುಸ್ತಾಗಿ ಏಳುತ್ತಿಲ್ಲವೋ, ಕಾಲಲ್ಲೇ ಬಲ ಹೋಗಿದೆಯೋ? ಮಲಗಿದಲ್ಲೇ ಒಂದೊಂದೇ ಕಾಲು ಎತ್ತಲು ಹೇಳಿ. ಕಣ್ಣು ಮುಚ್ಚಿಸಿ ಪಾದ ಮುಟ್ಟಿ, ಗೊತ್ತಾಗುತ್ತದಾ ಕೇಳಿ. ಉಚ್ಚೆ ಸಲೀಸಾಗಿ ಹೋಗುತ್ತಿದೆಯಾ, ಕಟ್ಟಿಕೊಂಡು ಕಿಬ್ಬೊಟ್ಟೆ ಉಬ್ಬಿದೆಯಾ ನೋಡಿ. ಕ್ಯಾನ್ಸರ್ ಬೆನ್ನುಮೂಳೆಗೆ ಹಬ್ಬಿದಾಗ ಕೆಲವರಲ್ಲಿ ಗಡ್ಡೆ ಒಳಗಿನ ನರದ ಹುರಿಯನ್ನು ಒತ್ತುತ್ತದೆ. ಹಾಗಾದಾಗ ಮೊದಲು ಬೆನ್ನುನೋವು ಜಾಸ್ತಿಯಾಗುತ್ತದೆ, ಆಮೇಲೆ ಕಾಲು ಸೋಲುತ್ತವೆ, ಆಮೇಲೆ ಉಚ್ಚೆ ಕಟ್ಟುತ್ತದೆ. ಇದು ಒಂದು ದಿನವೂ ಕಾಯುವ ವಿಷಯ ಅಲ್ಲ. ಆಸ್ಪತ್ರೆಯಲ್ಲಿ ತಕ್ಷಣ ಊತ ಇಳಿಸುವ ಡೆಕ್ಸಾಮೆಥಾಸೋನ್ ಔಷಧಿ ಶುರುವಾಗಿ, ಬೇಗ ರೇಡಿಯೇಷನ್ ಕೊಟ್ಟರೆ ಕಾಲು ಉಳಿಯಬಹುದು. ಪೂರ್ತಿ ಬಿದ್ದುಹೋದ ಕಾಲು ವಾಪಸ್ ಬರುವುದು ತುಂಬ ಕಷ್ಟ. ಅವ್ವನ ಆಯಸ್ಸು ಇದರಿಂದ ಹೆಚ್ಚಾಗದೆ ಇರಬಹುದು. ಆದರೆ ಉಳಿದ ದಿನಗಳಲ್ಲಿ ಬಚ್ಚಲಿಗೆ ತಾನೇ ಹೋಗಿ ಬರುವುದು ಎಂಥ ದೊಡ್ಡ ವಿಷಯ ಅಂತ ಹಾಸಿಗೆ ಹಿಡಿದವರಿಗೇ ಗೊತ್ತು. ಕಾಲಲ್ಲಿ ಬಲ ಚೆನ್ನಾಗಿದ್ದು ಬರೀ ಸುಸ್ತು ಅಂತಾದರೆ ಮುಂದೆ ಓದಿ. ಅನುಮಾನ ಇದ್ದರೆ ಓದುವುದು ಬಿಟ್ಟು ಆಸ್ಪತ್ರೆಗೆ ಗಾಡಿ ಕರೆಸಿ.

ಇನ್ನು ‘ಮಾಡೋದು ಏನೂ ಇಲ್ಲ’ ಅನ್ನುವ ಮಾತು. ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕ್ಯಾನ್ಸರನ್ನು ಕರಗಿಸಲು ಇನ್ನು ಔಷಧಿ ಇಲ್ಲ ಅನ್ನುವುದು ಬೇರೆ, ನಿಮ್ಮ ಅವ್ವನಿಗಾಗಿ ಮಾಡಲು ಏನೂ ಇಲ್ಲ ಅನ್ನುವುದು ಬೇರೆ. ನೋವು, ಉಸಿರಾಟದ ಕಷ್ಟ, ವಾಂತಿ, ಮಲಬದ್ಧತೆ, ನಿದ್ದೆಗೇಡು, ಹೆದರಿಕೆ ಇವನ್ನೆಲ್ಲ ಇಳಿಸುವುದಕ್ಕೇ ಒಂದು ವೈದ್ಯಕೀಯ ಇದೆ, ಪ್ಯಾಲಿಯೇಟಿವ್ ಕೇರ್ ಅಂತಾರೆ. ಅದರ ಬಹುಪಾಲು ಕೆಲಸ ಮನೆಯಲ್ಲೇ, ನಿಮ್ಮ ಕೈಯಿಂದಲೇ ಆಗುತ್ತದೆ. ನಾನು ಎಷ್ಟೋ ವರ್ಷದಿಂದ ಈ ಕಡೆ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಮಾಡುತ್ತಿರುವುದೂ ಇದೇ ಕೆಲಸ.

ಮೊದಲು ನೋವು. ನೋವು ಇಳಿಯದೆ ಉಳಿದ ಯಾವ ಮಾತೂ ಅವ್ವನ ಕಿವಿಗೆ ಬೀಳುವುದಿಲ್ಲ. ರಾತ್ರಿಯೆಲ್ಲ ನರಳುವಷ್ಟು ನೋವಿಗೆ ಪ್ಯಾರಾಸಿಟಮಾಲ್, ಟ್ರಮಡಾಲ್ ಸಾಕಾಗುವುದಿಲ್ಲ, ಮಾರ್ಫಿನ್ನೇ ಬೇಕು. ಊರವರ ಮಾತಿಗೆ ನೇರ ಉತ್ತರ: ಇಲ್ಲ, ಸರಿಯಾದ ಪ್ರಮಾಣದಲ್ಲಿ ಬಾಯಿಂದ ಕೊಟ್ಟ ಮಾರ್ಫಿನ್‌ನಿಂದ ಯಾರೂ ಬೇಗ ಹೋಗುವುದಿಲ್ಲ. ಈ ಭಯ ಎಲ್ಲಿಂದ ಬಂತು ಅಂದರೆ, ನಮ್ಮಲ್ಲಿ ಮಾರ್ಫಿನ್ ಕೊಡುವುದೇ ಕೊನೆಯ ಎರಡು ದಿನ ಇರುವಾಗ. ಕೊಟ್ಟರು, ಹೋದರು, ಅಷ್ಟೇ ಜನ ಕಂಡದ್ದು. ಚಟ ಹತ್ತುತ್ತದೆ ಅನ್ನುವುದೂ ಅಷ್ಟೇ, ಕ್ಯಾನ್ಸರ್ ನೋವಿಗೆ ಡಾಕ್ಟರ ಲೆಕ್ಕದಲ್ಲಿ ತೆಗೆದುಕೊಳ್ಳುವವರು ಅದರ ದಾಸರಾಗುವುದು ಬಹಳ ಅಪರೂಪ. 71 ವರ್ಷದ ಅವ್ವನಿಗೆ ಚಟದ ಚಿಂತೆ ಯಾಕೆ ಹೇಳಿ.

ಕೊಡುವ ಕ್ರಮ ಮಾತ್ರ ಶಿಸ್ತಾಗಿರಬೇಕು. ಮಾಮೂಲಿ ಮಾತ್ರೆಯ ಕೆಲಸ ಸುಮಾರು ನಾಲ್ಕು ತಾಸು. ಅದಕ್ಕೇ ನಾಲ್ಕು ತಾಸಿಗೊಮ್ಮೆ ಗಡಿಯಾರ ನೋಡಿ ಕೊಡಬೇಕು, ನೋವು ಬರಲಿ ಅಂತ ಕಾಯಬಾರದು. ಹೊಲಕ್ಕೆ ನೀರು ಬಿಟ್ಟ ಹಾಗೆ ಇದು, ಬೆಳೆ ಒಣಗಿದ ಮೇಲೆ ಎಷ್ಟು ಬಿಟ್ಟರೂ ಕಷ್ಟ. ನಡುವೆ ನೋವು ಎದ್ದರೆ ಕೊಡಲು ಬೇರೆ ಮಾತ್ರೆ ಎಷ್ಟು ಅಂತ ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ಮೊದಲ ಎರಡು ಮೂರು ದಿನ ಅವ್ವ ಜಾಸ್ತಿ ನಿದ್ದೆ ಮಾಡಬಹುದು, ಅದರಲ್ಲಿ ಅರ್ಧ ಇಷ್ಟು ದಿನ ಕಳೆದುಕೊಂಡ ನಿದ್ದೆ. ವಾಕರಿಕೆ ಬರಬಹುದು, ವಾರದಲ್ಲಿ ಹೋಗುತ್ತದೆ. ಹೋಗದೆ ಉಳಿಯುವುದು ಮಲಬದ್ಧತೆ. ಆದ್ದರಿಂದ ಮಾರ್ಫಿನ್ ಶುರುವಾದ ದಿನವೇ ಮಲ ಸಲೀಸಾಗಿ ಹೋಗುವಂತೆ ಮಾಡುವ ಮಾತ್ರೆಯೂ ಶುರುವಾಗಬೇಕು, ಡಾಕ್ಟರು ಬರೆಯಲು ಮರೆತರೆ ನೀವೇ ಕೇಳಿ. ಇಸಬಗೋಲು ಬೇಡ. ಅದಕ್ಕೆ ತುಂಬ ನೀರು ಕುಡಿಯಬೇಕು, ಕುಡಿಯದವರಲ್ಲಿ ಅದೇ ಗಟ್ಟಿಯಾಗಿ ಕೂರುತ್ತದೆ. ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ, ಮಾರ್ಫಿನ್ ಲೆಕ್ಕವೇ ಬದಲಾಗುತ್ತದೆ. ಎಬ್ಬಿಸಿದರೂ ಏಳದಷ್ಟು ಮಂಪರು ಬಂದು ಉಸಿರು ತೀರ ನಿಧಾನವಾದರೆ ಮುಂದಿನ ಮಾತ್ರೆ ನಿಲ್ಲಿಸಿ, ಕೂಡಲೇ ಡಾಕ್ಟರಿಗೆ ಫೋನ್ ಮಾಡಿ.

ಮಾರ್ಫಿನ್ ಎಲ್ಲಿ ಸಿಗುತ್ತದೆ ಅನ್ನುವುದೇ ನಮ್ಮ ಕಡೆಯ ದೊಡ್ಡ ತೊಡಕು. ಎಲ್ಲ ಮೆಡಿಕಲ್ ಶಾಪ್‌ನಲ್ಲಿ ಇಡುವುದಿಲ್ಲ. 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಲೈಸೆನ್ಸ್‌ಗಳ ತಾಪತ್ರಯಕ್ಕೆ ಹೆದರಿ ಆಸ್ಪತ್ರೆಗಳು ಇಡುವುದನ್ನೇ ಬಿಟ್ಟವು. 2014ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ ದಾರಿ ಸುಲಭವಾಯಿತು, ಆದರೆ ಹೆದರಿಕೆ ಇನ್ನೂ ಹೋಗಿಲ್ಲ. ಮಧ್ಯಪ್ರದೇಶ, ರಾಜಸ್ಥಾನದಲ್ಲಿ ರೈತರು ಸರ್ಕಾರದ ಲೈಸೆನ್ಸ್ ಪಡೆದು ಅಫೀಮು ಬೆಳೆಯುತ್ತಾರೆ, ಅದರಿಂದಲೇ ಮಾರ್ಫಿನ್ ಆಗುತ್ತದೆ. ಅಂಥ ದೇಶದಲ್ಲಿ ಒಂದು ಮಾತ್ರೆಗಾಗಿ ಕಾರಟಗಿಯ ಅವ್ವ ರಾತ್ರಿಯೆಲ್ಲ ನರಳಬೇಕಾಗಿದೆ. ನೀವು ಮೊದಲು ಕೊಪ್ಪಳದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಕಿಮ್ಸ್‌ನಲ್ಲಿ, ಬಳ್ಳಾರಿಯ ಬಿಎಂಸಿಆರ್‌ಸಿ (ಹಿಂದಿನ ವಿಮ್ಸ್)‌ನಲ್ಲಿ ವಿಚಾರಿಸಿ. ‘ಕ್ಯಾನ್ಸರ್ ವಿಭಾಗ’ ಅಂತ ಮಾತ್ರ ಕೇಳಿ ವಾಪಸ್ ಬರಬೇಡಿ, ಅರಿವಳಿಕೆ ಡಾಕ್ಟರುಗಳನ್ನು ಕೇಳಿ, ನೋವಿನ ಚಿಕಿತ್ಸೆ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅಲ್ಲಿ ಆಗದಿದ್ದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ, ಅದರ ಒಂದು ಕೇಂದ್ರ ಕಲಬುರಗಿಯಲ್ಲೂ ಇದೆ. ಸುಮ್ನೆ ಬಸ್ ಹತ್ತಬೇಡಿ, ಮಾರ್ಫಿನ್ ಇದೆಯಾ ಅಂತ ಫೋನ್‌ನಲ್ಲಿ ಖಚಿತ ಮಾಡಿಕೊಂಡು, ಹಳೆಯ ರಿಪೋರ್ಟು, ಸ್ಕ್ಯಾನು, ಡಿಸ್ಚಾರ್ಜ್ ಕಾಗದ, ಅವ್ವನ ಆಧಾರ್ ತೆಗೆದುಕೊಂಡು ಹೋಗಿ. ತಂದ ಮಾತ್ರೆ ಟ್ರಂಕಿನಲ್ಲಿ ಬೀಗ ಹಾಕಿಡಿ, ಮನೆಯಲ್ಲಿ ಮಕ್ಕಳಿರುತ್ತಾರೆ.

ಮಾತ್ರೆಯ ಬದಲು ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪ್ಯಾಚ್ ಬರೆದುಕೊಟ್ಟಾರು. ಮಾರ್ಫಿನ್ ಥರದ ಔಷಧಿ ಅಭ್ಯಾಸವೇ ಇಲ್ಲದವರಿಗೆ ಅದು ನೇರವಾಗಿ ಹಚ್ಚುವ ವಸ್ತು ಅಲ್ಲ. ಇನ್ನೊಂದು, ಮೈ ಬಿಸಿಯಾದಷ್ಟೂ ಪ್ಯಾಚಿನಿಂದ ಔಷಧಿ ಒಳಗೆ ಹೋಗುವುದು ಜಾಸ್ತಿ. ರಾಯಚೂರು, ಕೊಪ್ಪಳದ ಏಪ್ರಿಲ್ ಬಿಸಿಲಲ್ಲಿ ತಗಡಿನ ಮನೆಯೊಳಗೆ, ಅದರ ಮೇಲೆ ಬೆನ್ನುನೋವಿಗೆ ಅಂತ ಬಿಸಿನೀರಿನ ಚೀಲ ಇಟ್ಟರೆ ಜೀವಕ್ಕೇ ಅಪಾಯ. ಜ್ವರ ಬಂದಾಗಲೂ ಅಷ್ಟೇ ಎಚ್ಚರ ಬೇಕು.

ಮೂಳೆ ನೋವಿಗೆ ಇನ್ನೊಂದು ಒಳ್ಳೆಯ ದಾರಿ ಇದೆ, ಯಾರೂ ಹೇಳಿರಲಿಕ್ಕಿಲ್ಲ. ಒಂದೇ ದಿನ, ಒಂದೇ ಸಲ ಕೊಡುವ ರೇಡಿಯೇಷನ್. ವಾರಗಟ್ಟಲೆ ಅಲೆಯಬೇಕಿಲ್ಲ. ಕೆಲವು ದಿನದಿಂದ ಎರಡು ಮೂರು ವಾರದೊಳಗೆ ಹೆಚ್ಚಿನವರಿಗೆ ನೋವು ಇಳಿಯುತ್ತದೆ. ಅವ್ವ ಪ್ರಯಾಣ ತಡೆದುಕೊಳ್ಳುವ ಹಾಗಿದ್ದರೆ ಕೇಳಿ ನೋಡಿ, ತೀರ ಸೋತಿದ್ದರೆ ಬಿಟ್ಟುಬಿಡಿ.

ಈಗ ಅಣ್ಣನ ವಿಷಯ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ದೂರ ಇರುವ ಮಗನಿಗೆ ತಪ್ಪಿತಸ್ಥ ಭಾವ ಜಾಸ್ತಿ, ಅದು ‘ಹೊಲ ಮಾರೋಣ’ ಅಂತ ಹೊರಗೆ ಬರುತ್ತದೆ. ನಾನೂ ಅಂಥ ಮಗನೇ. ನಮ್ಮಪ್ಪನಿಗೆ ಕೊನೆಗಾಲದಲ್ಲಿ ಉಸಿರು ಕಟ್ಟಿದಾಗ ನಾನು ಆಗಿನ್ನೂ ಹೊಸ ಡಾಕ್ಟರು, ಹಟ ಮಾಡಿ ಒಂದು ದೊಡ್ಡ ಆಸ್ಪತ್ರೆಯ ಐಸಿಯುಗೆ ಸೇರಿಸಿದೆ. ಹನ್ನೊಂದು ದಿನ ವೆಂಟಿಲೇಟರ್. ಟ್ಯೂಬ್ ಕಿತ್ತುಕೊಳ್ಳುತ್ತಾರೆ ಅಂತ ಎರಡೂ ಕೈ ಮಂಚಕ್ಕೆ ಕಟ್ಟಿದ್ದರು. ದಿನಕ್ಕೆ ಎರಡು ಸಲ ಹತ್ತು ನಿಮಿಷ ನೋಡಲು ಬಿಡುತ್ತಿದ್ದರು. ಬಾಯಲ್ಲಿ ಟ್ಯೂಬ್ ಇದ್ದದ್ದರಿಂದ ಅಪ್ಪ ಮಾತಾಡಲಿಲ್ಲ, ಏನು ಹೇಳಬೇಕು ಅಂತಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಈ ಕೆಲಸಕ್ಕೆ ಬಂದದ್ದೇ ಆಮೇಲೆ. ಅಣ್ಣನಿಗೆ ಬೇಕಾದರೆ ಈ ಪ್ಯಾರಾ ಓದಿ ಹೇಳಿ. ವೆಂಟಿಲೇಟರು ವಾಸಿಯಾಗುವ ಕಾಯಿಲೆಯವರನ್ನು ಆಚೆ ದಡಕ್ಕೆ ದಾಟಿಸುವ ದೋಣಿ. ಶ್ವಾಸಕೋಶಕ್ಕೆ ಹಬ್ಬಿದ ಕ್ಯಾನ್ಸರ್‌ಗೆ ಆಚೆ ದಡವೇ ಇಲ್ಲ.

ಅಣ್ಣನಿಗೆ ಕೆಲಸ ಕೊಡಿ, ವಾದ ಬೇಡ. ಬೆಂಗಳೂರಿನಿಂದ ಔಷಧಿ ತರುವುದು, ತಿಂಗಳ ಖರ್ಚು, ಗಾಳಿ ಹಾಸಿಗೆ ಕೊಡಿಸುವುದು, ಎಲ್ಲಕ್ಕಿಂತ ಮುಖ್ಯ, ಬಂದು ನಾಲ್ಕು ರಾತ್ರಿ ಅವ್ವನ ಪಕ್ಕ ಮಲಗುವುದು. ಆ ನಾಲ್ಕು ರಾತ್ರಿ ಮಾಡುವ ಕೆಲಸ ನಿಮ್ಮ ನಲವತ್ತು ಫೋನಿನಿಂದ ಆಗುವುದಿಲ್ಲ. ಮನೆಯಲ್ಲಿ ಸಾಧ್ಯವೇ ಇಲ್ಲ ಅಂತಾದರೆ ಬೆಂಗಳೂರಿನಲ್ಲಿ ಕರುಣಾಶ್ರಯ ಇದೆ, ಉಲ್ಬಣಿಸಿದ ಕ್ಯಾನ್ಸರ್ ರೋಗಿಗಳನ್ನು ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುವ ಜಾಗ. ಅಣ್ಣನ ಮನೆಯೂ ಅಲ್ಲೇ ಇರುವುದರಿಂದ ಅದು ಕೈಯಲ್ಲಿರಲಿ. ಆದರೆ ತನ್ನ ಹೊರಸು, ತನ್ನ ಕೌದಿ, ತನ್ನ ಅಂಗಳದ ಬೇವಿನ ನೆರಳು ಬಿಟ್ಟು ಹೋಗಲು ಅವ್ವನಿಗೆ ಇಷ್ಟ ಇದೆಯಾ ಅಂತ ಅವ್ವನನ್ನೇ ಕೇಳಬೇಕು ಅಲ್ವಾ?

ಕೇಳಬೇಕು ಅಂದರೆ ಅವ್ವನಿಗೆ ಗೊತ್ತಿರಬೇಕು. ನನ್ನ ಅನುಭವದಲ್ಲಿ ಹೇಳುತ್ತೇನೆ, ಅವರಿಗೆ ಗೊತ್ತಿರುತ್ತದೆ. ಸಿಂಧನೂರು ಕಡೆಯ ಒಬ್ಬ ಅಜ್ಜನ ಮಕ್ಕಳು ಬಾಗಿಲಲ್ಲೇ ನನ್ನನ್ನು ತಡೆದು ‘ಗ್ಯಾಸ್ಟ್ರಿಕ್ ಅಂತ ಹೇಳಿದ್ದೀವಿ, ನೀವೂ ಹಾಗೇ ಹೇಳಿ’ ಅಂದರು. ಒಳಗೆ ಹೋದರೆ ಅಜ್ಜ ನನ್ನ ಕೈ ಹಿಡಿದು ‘ಡಾಕ್ಟ್ರೇ, ಹುಡುಗರು ಹೆದರ್ಯಾರ, ಅವರಿಗೆ ಏನೂ ಹೇಳಬ್ಯಾಡ್ರಿ’ ಅಂದ. ಒಂದೇ ಸೂರಿನ ಕೆಳಗೆ ಇಬ್ಬರೂ ಬೇರೆ ಬೇರೆ ಅಳುತ್ತಿದ್ದರು. ನೀವು ಭಾಷಣ ಮಾಡಬೇಕಿಲ್ಲ. ಸಂಜೆ ತಲೆ ಬಾಚುವಾಗ ‘ಅವ್ವಾ, ನಿನಗೆ ಏನಾಗಿದೆ ಅನ್ನಿಸುತ್ತೆ?’ ಅಂತ ಕೇಳಿ, ಸುಮ್ಮನೆ ಕೂರಿ. ಅವ್ವ ಎಷ್ಟು ಕೇಳುತ್ತಾಳೋ ಅಷ್ಟೇ ಹೇಳಿ. ಕೇಳದಿದ್ದರೆ ಒತ್ತಾಯ ಬೇಡ, ಸುಳ್ಳು ಮಾತ್ರ ಬೇಡ. ಬಾಯಿ ಬಿಟ್ಟರೆ ಎಷ್ಟೋ ಹೊರಬರುತ್ತದೆ. ಹುಲಿಗೆಮ್ಮನಿಗೆ ಹೊತ್ತ ಹರಕೆ ಬಾಕಿ ಇದೆ, ತಂಗಿಯ ಜತೆ ಮಾತು ಬಿಟ್ಟು ಹತ್ತು ವರ್ಷವಾಗಿದೆ, ಕಿವಿಯೋಲೆ ಮೊಮ್ಮಗಳಿಗೆ ಕೊಡಬೇಕು, ಇಂಥವೇ. ಮೈಮೇಲೆ ಜ್ಞಾನ ಇರುವಾಗಲೇ ಇವು ಆಗಬೇಕು.

ಅವ್ವ ‘ನನ್ನನ್ನು ಆಸ್ಪತ್ರೆಗೆ ಒಯ್ಯಬೇಡಿ, ಮಷೀನು ಹಾಕಿಸಬೇಡಿ’ ಅಂದರೆ ಅದನ್ನು ಬರೆದಿಡಬಹುದು. ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿತು. 2023ರ ಜನವರಿಯಲ್ಲಿ ಕ್ರಮವನ್ನು ಸರಳ ಮಾಡಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು, ತನ್ನ ಪರವಾಗಿ ತೀರ್ಮಾನ ಹೇಳುವವರ ಹೆಸರೂ ಅದರಲ್ಲಿರಬೇಕು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಇದನ್ನು ಜಾರಿ ಮಾಡಲು ಆದೇಶ ಹೊರಡಿಸಿದೆ. ಡಾಕ್ಟರುಗಳ ಬೋರ್ಡು ಅದು ಇದು ಅಂತ ಕೇಳಿರುತ್ತೀರಿ, ಅದು ಆಸ್ಪತ್ರೆಯಲ್ಲಿ ಜೀವರಕ್ಷಕ ಯಂತ್ರ ಹಾಕದೆ ಬಿಡುವ, ಹಾಕಿದ್ದನ್ನು ತೆಗೆಯುವ ತೀರ್ಮಾನಕ್ಕೆ. ಮನೆಯಲ್ಲೇ ಇದ್ದು ಮನೆಯಲ್ಲೇ ಆರೈಕೆ ಪಡೆಯಲು ಯಾರ ಅಪ್ಪಣೆಯೂ ಬೇಕಿಲ್ಲ.

ಊಟದ ಮಾತು. ನಿಮಗೆ ಅತ್ಯಂತ ಕಷ್ಟವಾಗುವುದು ಇದೇ ಅಂತ ನನಗೆ ಗೊತ್ತು, ಊಟ ಮಾಡಿಸುವುದೇ ನಮ್ಮಲ್ಲಿ ಪ್ರೀತಿ. ಆದರೆ ಅವ್ವ ಉಣ್ಣದೆ ಇರುವುದರಿಂದ ಸೊರಗುತ್ತಿಲ್ಲ, ಕಾಯಿಲೆಯಿಂದ ದೇಹ ಮುಚ್ಚಿಕೊಳ್ಳುತ್ತಿರುವುದರಿಂದ ಊಟ ಬೇಡ ಅನ್ನುತ್ತಿದ್ದಾಳೆ. ಹಸಿವಿನ ಸಂಕಟ ಹೆಚ್ಚಿನವರಿಗೆ ಇರುವುದಿಲ್ಲ. ಬೇಕೆಂದಾಗ ಎರಡು ಚಮಚ ಗಂಜಿ, ನುಚ್ಚು ಮಜ್ಜಿಗೆ, ಒಂದು ತುಂಡು ಮಾವಿನಹಣ್ಣು, ಏನು ಇಷ್ಟವೋ ಅದು. ಪಥ್ಯ ಬೇಡ. ಮೂಗಿನ ನಳಿಕೆ ಬೇಡ ಅಂತಲೇ ನನ್ನ ಅಭಿಪ್ರಾಯ. ಸಲೈನ್ ಹಚ್ಚಿಸಿ ಅಂತ ಎಲ್ಲರೂ ಹೇಳುತ್ತಾರೆ, ಊರಿನ ಆರ್‌ಎಂಪಿ ದಿನಾ ಬಂದು ಹಚ್ಚಲೂ ತಯಾರಿರುತ್ತಾರೆ. ಕೊನೆಯ ದಿನಗಳಲ್ಲಿ ದೇಹ ಆ ನೀರನ್ನು ಬಳಸಿಕೊಳ್ಳಲಾರದು. ಕೈಕಾಲು ಊದುತ್ತವೆ, ಎದೆಯಲ್ಲಿ ಕಫ ತುಂಬುತ್ತದೆ, ಉಸಿರು ಇನ್ನೂ ಕಷ್ಟವಾಗುತ್ತದೆ. ಬಾಯಾರಿಕೆ ಅಂತ ಕಾಣುವುದು ಬಹುಪಾಲು ಬಾಯಿ ಒಣಗಿದ್ದು. ತಾಸಿಗೊಮ್ಮೆ ಮೆತ್ತನೆ ಬಟ್ಟೆ ಒದ್ದೆ ಮಾಡಿ ನಾಲಿಗೆ, ವಸಡು ಒರೆಸಿ, ತುಟಿಗೆ ತುಪ್ಪ ಸವರಿ. ಆ ಎರಡು ಬಾಟಲಿಗಿಂತ ಇದು ಎಷ್ಟೋ ಹಿತ.

ಮಲಗಿಸುವ ಬಗ್ಗೆ ಒಂದೆರಡು ಮಾತು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ. ಬೆನ್ನುಮೂಳೆ ಹಾಳಾಗಿರುವುದರಿಂದ ತಿರುಚಬಾರದು. ಕೆಳಗೆ ಅಡ್ಡ ಹಾಸಿದ ಸೀರೆ ಹಿಡಿದು ಇಬ್ಬರು ಸೇರಿ ಭುಜ, ಸೊಂಟ ಒಟ್ಟಿಗೆ ಹೊರಳಿಸಿ, ಮರದ ದಿಮ್ಮಿ ಹೊರಳಿಸಿದ ಹಾಗೆ. ಮೀನಖಂಡದ ಕೆಳಗೆ ದಿಂಬು ಕೊಟ್ಟು ಹಿಮ್ಮಡಿ ತೇಲುವಂತೆ ಇಡಿ. ಕೆಂಪಾದ ಜಾಗ ಉಜ್ಜಬೇಡಿ. ಏದುಸಿರು ಬಂದರೆ ಮೊದಲು ಒರಗಿಸಿ ಕೂರಿಸಿ, ಕಿಟಕಿ ತೆಗೆಯಿರಿ, ಮುಖಕ್ಕೆ ನೇರ ಗಾಳಿ ಬೀಸಿ. ಕರೆಂಟು ಹೋದರೆ ಬೀಸಣಿಕೆ ಸಾಕು, ಮುಖಕ್ಕೆ ತಾಕುವ ಗಾಳಿಯಿಂದಲೇ ಏದುಸಿರಿನ ಸಂಕಟ ಕಡಿಮೆಯಾಗುತ್ತದೆ. ಮಾರ್ಫಿನ್ ಉಸಿರಿನ ಸಂಕಟಕ್ಕೂ ಔಷಧಿ. ಆಕ್ಸಿಜನ್ ಯಂತ್ರ ಎಲ್ಲರಿಗೂ ಬೇಕಾಗುವುದಿಲ್ಲ, ಬೆರಳಿನ ಮೀಟರ್ ನೋಡಿ ಡಾಕ್ಟರು ಹೇಳಲಿ.

ನೋಡಲು ಬರುವವರ ಕಾಟವೂ ಇದೆ. ಬ್ರೆಡ್ಡು, ಎಳನೀರು ಹಿಡಿದುಕೊಂಡು ಬಂದು, ಬಾಗಿಲಲ್ಲೇ ಅಳಲು ಶುರು ಮಾಡಿ, ಹೋಗುವಾಗ ಯಾವುದೋ ಊರಿನ ನಾಟಿ ಔಷಧಿಯ ವಿಳಾಸ ಕೊಟ್ಟು ಹೋಗುತ್ತಾರೆ. ಸಂಜೆ ಒಂದು ತಾಸು ಅಂತ ಹೊತ್ತು ಗೊತ್ತು ಮಾಡಿ. ಸಹಾಯ ಮಾಡುವ ಮನಸ್ಸಿರುವ ನೆರೆಯವರಿಗೆ ‘ಒಂದು ತಾಸು ಅವ್ವನ ಹತ್ತಿರ ಕೂತಿರಿ, ನಾನು ಮಲಗೇಳ್ತೀನಿ’ ಅಂತ ಸಂಕೋಚವಿಲ್ಲದೆ ಹೇಳಿ. ನಿಮಗೇ ತಡೆಯಲಾಗದಷ್ಟು ಕಷ್ಟವಾದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ.

ಕೊನೆಗೆ ಆ ರಾತ್ರಿ. ಎಷ್ಟೋ ಮನೆಗಳಲ್ಲಿ ಎಲ್ಲ ಚೆನ್ನಾಗಿ ಮಾಡಿ ಆ ಒಂದು ರಾತ್ರಿ ಹೆದರಿ, 108 ಕರೆಸಿ, ದಾರಿಯಲ್ಲೇ ಜೀವ ಹೋಗಿರುವುದನ್ನು ನೋಡಿದ್ದೇನೆ. ಏನು ಬರುತ್ತದೆ ಅಂತ ಮೊದಲೇ ಗೊತ್ತಿದ್ದರೆ ಅಷ್ಟು ಭಯ ಇರುವುದಿಲ್ಲ. ನಿದ್ದೆ ಜಾಸ್ತಿಯಾಗುತ್ತದೆ. ನುಂಗುವುದು ನಿಲ್ಲುತ್ತದೆ. ಕೈಕಾಲು ತಣ್ಣಗಾಗಿ ಚರ್ಮ ಮಚ್ಚೆ ಮಚ್ಚೆಯಾಗಿ ಕಪ್ಪಿಡುತ್ತದೆ. ಎಂದೋ ತೀರಿಕೊಂಡ ತನ್ನ ಅವ್ವನ ಜತೆ ಮಾತಾಡಬಹುದು, ತಿದ್ದಬೇಡಿ. ಉಸಿರು ಜೋರಾಗಿ, ನಿಧಾನವಾಗಿ, ನಡುವೆ ನಿಂತು, ಮತ್ತೆ ಶುರುವಾಗುತ್ತದೆ. ಗಂಟಲಲ್ಲಿ ಗೊರಗೊರ ಸದ್ದು ಬರುತ್ತದೆ. ಕೇಳುವವರಿಗೆ ಅದು ಘೋರ, ಅವ್ವನಿಗೆ ಅಷ್ಟರಲ್ಲಿ ಅದರ ಅರಿವು ಇರುವುದಿಲ್ಲ ಅಂತಲೇ ನಾವು ತಿಳಿದಿರುವುದು. ಮಗ್ಗುಲಿಗೆ ತಿರುಗಿಸಿ, ತಲೆ ಸ್ವಲ್ಪ ಎತ್ತರಿಸಿ. ಆ ಸದ್ದಿಗೆ ಇಂಜೆಕ್ಷನ್ ಇದೆ. ನುಂಗಲಾಗದಾಗ ಮಾರ್ಫಿನ್ನನ್ನೂ ಚರ್ಮದ ಕೆಳಗೆ ಸಣ್ಣ ಸೂಜಿಯಿಂದ ಕೊಡಬಹುದು. ಇವೆರಡನ್ನೂ ಬಂದು ಕೊಡುವ ನರ್ಸ್ ಯಾರು ಅಂತ ಈ ವಾರವೇ ಗೊತ್ತು ಮಾಡಿಕೊಂಡು, ಫೋನ್ ನಂಬರ್ ಗೋಡೆಗೆ ಬರೆಯಿರಿ. ಬಾಯಿಗೆ ನೀರು ಬಿಡುವ ಪದ್ಧತಿ ನಮ್ಮಲ್ಲಿದೆ. ಬಿಡಿ, ಆದರೆ ತುಟಿ ಒದ್ದೆಯಾಗುವಷ್ಟು. ಚಮಚಗಟ್ಟಲೆ ಹಾಕಿದರೆ ಶ್ವಾಸನಾಳಕ್ಕೆ ಹೋಗಿ ಕೆಮ್ಮಲೂ ಆಗದೆ ಒದ್ದಾಡುತ್ತಾಳೆ. ಕಿವಿ ಕೇಳಿಸುತ್ತದೆ ಅಂತ ತಿಳಿದೇ ಮಾತಾಡಿ.

ಮನೆಯಲ್ಲಿ ತೀರಿಕೊಂಡರೆ ಪೊಲೀಸರು, ಪೋಸ್ಟ್‌ಮಾರ್ಟಂ ಅಂತ ಹೆದರಬೇಡಿ, ಕಾಯಿಲೆಯಿಂದಾದ ಸಾವಿಗೆ ಅದು ಬೇಕಿಲ್ಲ. ನೋಡಿಕೊಳ್ಳುತ್ತಿದ್ದ ಡಾಕ್ಟರ ಹತ್ತಿರ ಸಾವಿನ ಕಾರಣದ ಪ್ರಮಾಣಪತ್ರ ಪಡೆದು 21 ದಿನದೊಳಗೆ ನೋಂದಣಿ ಮಾಡಿಸಿ. ಇದನ್ನೂ ಅಣ್ಣನಿಗೆ ವಹಿಸಿ.

ರಜೆ ಕೇಳಿದ್ದೀರಿ. ಇಷ್ಟೇ ದಿನ ಅಂತ ಯಾವ ಡಾಕ್ಟರೂ ಹೇಳಲಾರರು, ಆದರೆ ನಾವು ಒಂದು ಅಳತೆ ಇಟ್ಟುಕೊಂಡಿರುತ್ತೇವೆ. ತಿಂಗಳಿಂದ ತಿಂಗಳಿಗೆ ಬದಲಾಗುತ್ತಿದ್ದರೆ ಇನ್ನು ತಿಂಗಳುಗಳು, ವಾರದಿಂದ ವಾರಕ್ಕೆ ಆದರೆ ವಾರಗಳು, ದಿನದಿಂದ ದಿನಕ್ಕೆ ಆದರೆ ದಿನಗಳು. ಹೋದ ತಿಂಗಳು ಜಗಲಿ, ಹದಿನೈದು ದಿನದ ಹಿಂದೆ ಬಚ್ಚಲು, ಈ ವಾರ ಹಾಸಿಗೆ ಅಂತ ನೀವೇ ಬರೆದಿದ್ದೀರಿ. ಕಾಲು ಸೋತದ್ದು ನರದ ಒತ್ತಡದಿಂದ ಅಂತಾದರೆ ಲೆಕ್ಕ ಬೇರೆಯಾಗಬಹುದು, ಅದಕ್ಕೇ ಅದನ್ನು ಮೊದಲು ನೋಡಿ ಅಂದದ್ದು. ಅದಲ್ಲದಿದ್ದರೆ ರಜೆ ಸೋಮವಾರದಿಂದಲೇ ಹಾಕಿ. ಅವ್ವ ನಿಮ್ಮ ಜತೆ ಮಾತಾಡುವ ದಿನಗಳು ಈಗಿನವು.